ಗೌಂಡಿಯ ಸುತ್ತಿಗೆ ಸಾಕಾ?

ಪ್ರಶ್ನೆ: ಸರ್, ನಮ್ಮದು 18 ವರ್ಷದ ಹಿಂದೆ ಕಟ್ಟಿದ ಮನೆ. ತಮ್ಮನ ಮದುವೆ ಆಯಿತು, ಮೇಲೆ ಎರಡು ಕೋಣೆ ಹಾಕಬೇಕು. ಅಪ್ಪನ ಕಾಲದ ಪ್ಲಾನ್ ಕಾಗದ ಸಿಗುತ್ತಿಲ್ಲ. ಗೌಂಡಿ ಕಾಲಂಗೆ ಸುತ್ತಿಗೆ ಬಡಿದು ‘ಗಟ್ಟಿ ಅದ ತಗೋರಿ’ ಅಂದ. ಕಾಲಂ ಒಡೆಯದೆ ಖಾತ್ರಿ ಮಾಡಿಕೊಳ್ಳಬಹುದಾ?
– ಒಬ್ಬ ಓದುಗರು, ಸೇಡಂ

ಉತ್ತರ: ಗೌಂಡಿಯ ಮಾತು ತೆಗೆದುಹಾಕಬೇಡಿ. ಸದ್ದಿನಿಂದ ಟೊಳ್ಳು ಹಿಡಿಯೋದು ಒಳ್ಳೆ ವಿದ್ಯೆ. ಆದರೆ ಮೇಲೊಂದು ಮಹಡಿ ತಡೆಯುತ್ತದಾ ಅಂತ ಆ ಸದ್ದು ಹೇಳಲ್ಲ.

ನಮ್ಮ ಹತ್ತಿರ ಕಾಂಕ್ರೀಟಿನ ಬಲ ಅಂದಾಜು ಮಾಡುವ ರಿಬೌಂಡ್ ಹ್ಯಾಮರ್ ಇದೆ. ಸ್ವಿಟ್ಜರ್ಲೆಂಡಿನ ಎರ್ನ್‌ಸ್ಟ್ ಶ್ಮಿಟ್ ಎಂಬ ಎಂಜಿನಿಯರ್ 1940ರ ದಶಕದ ಕೊನೆಗೆ ಮಾಡಿದ್ದು. ಸ್ಪ್ರಿಂಗ್ ಬಲದಿಂದ ಒಳಗಿನ ತೂಕ ಬಡಿದು ಹಿಂದಕ್ಕೆ ಪುಟಿಯುತ್ತದೆ. ಮೈ ಗಟ್ಟಿಯಿದ್ದಷ್ಟೂ ಪುಟಿತ ಜಾಸ್ತಿ. ಪ್ಲಾಸ್ಟರ್ ತೆಗೆದು, ಕಲ್ಲಿನಿಂದ ಉಜ್ಜಿ, ಒಣಗಿದ ಮೇಲೆಯೇ ಬಡಿಯಬೇಕು. ಆದರೂ ಅದರಿಂದ ಹೇಳುವ ಬಲ ಶೇ. 25ರಷ್ಟು ಆಚೀಚೆ ಆಗಬಹುದು.

ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಚಿತ್ತಾಪುರ ಕಡೆಯ ಹಳೇ ತೊಗರಿ ಗೋದಾಮು. ಹ್ಯಾಮರ್‌ನ ಪುಟಿತದ ಅಂಕಿ 44 ಬಂತು, ಅಂದರೆ ಮೈ ಗಟ್ಟಿ. ಚಿಂತೆ ಬೇಡ ಅಂದು ಬಂದೆ. ಎರಡು ವರ್ಷಕ್ಕೆ ಕಾಲಂ ಮೂಲೆಗಳು ಸೀಳಿದವು. ಹೋಗಿ ಹೊಸದಾಗಿ ಮುರಿದ ಕಡೆ ಫಿನಾಲ್ಫ್ಥಲೀನ್ ಎಂಬ ರಾಸಾಯನಿಕ ದ್ರವ ಹಚ್ಚಿದೆ. ಒಳ್ಳೆ ಕಾಂಕ್ರೀಟ್ ಗುಲಾಬಿಯಾಗಬೇಕು, ಇಲ್ಲಿ 30 ಮಿ.ಮೀ. ಆಳದವರೆಗೂ ಬಣ್ಣ ಬರಲಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಅಷ್ಟು ಒಳಗೆ ಇಳಿದಿತ್ತು. ಅದು ಇಳಿದರೆ ಮೇಲ್ಮೈ ಗಟ್ಟಿಯಾಗುತ್ತದೆ, ಹ್ಯಾಮರ್ ಚೆನ್ನಾಗಿ ಪುಟಿಯುತ್ತದೆ. ಆದರೆ ಕಬ್ಬಿಣದ ಸರಳಿಗೆ ರಕ್ಷಣೆ ಹೋಗಿ ತುಕ್ಕು ಹಿಡಿಯುತ್ತದೆ. ಆ ಮಾಲೀಕರ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಅದಕ್ಕೇ ಹ್ಯಾಮರ್ ಜೊತೆ ಅಲ್ಟ್ರಾಸಾನಿಕ್ ಪರೀಕ್ಷೆಯನ್ನೂ ಮಾಡಿಸಿ. ಕಾಲಂನ ಎದುರುಬದುರು ಗ್ರೀಸ್ ಹಚ್ಚಿ ಎರಡು ಸಣ್ಣ ಡಬ್ಬಿಯಂಥ ಸಾಧನ ಒತ್ತುತ್ತಾರೆ. ಒಂದರಿಂದ ಇನ್ನೊಂದಕ್ಕೆ ಶಬ್ದದ ಅಲೆ ತಲುಪುವ ಹೊತ್ತನ್ನು ಅಳೆಯುತ್ತಾರೆ. ಅಲೆಯ ವೇಗ ಸೆಕೆಂಡಿಗೆ 4 ಕಿ.ಮೀ. ಇದ್ದರೆ 9 ಇಂಚಿನ ಕಾಲಂ ದಾಟಲು ಸುಮಾರು 57 ಮೈಕ್ರೋಸೆಕೆಂಡ್ ಸಾಕು. ಒಳಗೆ ಖಡಿ ನಡುವೆ ಸಿಮೆಂಟ್ ತುಂಬದೆ ಟೊಳ್ಳಾಗಿದ್ದರೆ ಅಲೆ ಸುತ್ತಿ ಬರುತ್ತದೆ, ತಡವಾಗುತ್ತದೆ. ವೇಗ ಸೆಕೆಂಡಿಗೆ 3.5 ಕಿ.ಮೀ. ಮೇಲಿದ್ದರೆ ಒಳ್ಳೆಯದು, ಅದಕ್ಕಿಂತ ಕಡಿಮೆ ಬಂದರೆ ಅನುಮಾನ.

ಎಲ್ಲಿ ಪರೀಕ್ಷಿಸಬೇಕು ಅನ್ನೋದೇ ಮುಖ್ಯ. ಎದೆಮಟ್ಟದಲ್ಲಿ ಮಾತ್ರ ನೋಡಿದರೆ ಆಗಲ್ಲ. ಮೇಲಿಂದ ಕಾಂಕ್ರೀಟ್ ಸುರಿದಾಗ ಖಡಿ ಬುಡದಲ್ಲಿ ಬೇರೆಯಾಗುತ್ತದೆ. ಬುಡದ ಒಂದು ಅಡಿಯಲ್ಲಿ ತಪ್ಪದೆ ನೋಡಿಸಿ. ಏಪ್ರಿಲ್, ಮೇ ಬಿಸಿಲಲ್ಲಿ ನೀರು ಸರಿಯಾಗಿ ಉಣಿಸದೆ ಕಟ್ಟಿದ್ದರಂತೂ ಪ್ರತಿ ಕಾಲಂ ನೋಡಿಸಿ. ಸರಳು ಎಷ್ಟಿದೆ, ಎಷ್ಟು ಒಳಗಿದೆ ಅಂತ ಕವರ್ ಮೀಟರ್ ತೋರಿಸುತ್ತದೆ. ಕಲಬುರಗಿಯ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಈ ಅಂಕಿಗಳನ್ನಿಟ್ಟುಕೊಂಡು ಭಾರದ ಲೆಕ್ಕ ಹಾಕುವ ಸ್ಟ್ರಕ್ಚರಲ್ ಎಂಜಿನಿಯರ್ ಕೂಡ ಬೇಕು.

ಪಾಯದ ವಿಷಯ ಮಾತ್ರ ಈ ಯಂತ್ರಗಳು ಹೇಳಲ್ಲ. ನಿಮ್ಮ ಕಡೆ ಎರಿ ಮಣ್ಣು ಜಾಸ್ತಿ, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಒಂದು ಕಾಲಂ ಪಕ್ಕ ಪಾಯದವರೆಗೆ ತೋಡಿಸಿ ಅಗಲ, ಆಳ ನೋಡಿಸಿ. ಮಳೆ ಶುರುವಾಗೋ ಮೊದಲೇ ತೋಡಿಸಿ, ನೋಡಿದ ದಿನವೇ ಮಣ್ಣು ಗಿಡಿದು ಮುಚ್ಚಿಸಿ.