1950ರ ದಶಕದ ಬಾಸ್ಟನ್ ಪಾಪ್ಸ್ ಕಛೇರಿಗಳಲ್ಲಿ ಇಡೀ ಸಿಂಫನಿಯ ಬದಲು ಚಿಕ್ಕ ಕೃತಿಗಳನ್ನೇ ಏಕೆ ನುಡಿಸುತ್ತಿದ್ದರು?

ಬಾಸ್ಟನ್ ಪಾಪ್ಸ್ ಎಂದರೆ ಅಮೆರಿಕದ ಬಾಸ್ಟನ್ ನಗರದ, ಲಘು ಸಂಗೀತಕ್ಕೆ ಹೆಸರಾದ ವಾದ್ಯವೃಂದ; ಸಿಂಫನಿಯೆಂದರೆ ಇಡೀ ವಾದ್ಯವೃಂದಕ್ಕಾಗಿ ರಚಿಸಿದ ದೀರ್ಘ ಕೃತಿ. ಮುಖ್ಯ ಕಾರಣವೆಂದರೆ, ಪಾಪ್ಸ್ ಕಛೇರಿಗಳನ್ನು ರೂಪಿಸಿದ್ದೇ ಮೇಜಿನ ಸುತ್ತ ಕುಳಿತು, ತಿನ್ನುತ್ತ ಕುಡಿಯುತ್ತ ಕೇಳುವವರಿಗಾಗಿ. ಚಳಿಗಾಲದಲ್ಲಿ ಬಾಸ್ಟನ್ ಸಿಂಫನಿ ವಾದ್ಯವೃಂದದ ಗಂಭೀರ ಕಛೇರಿಗಳು ನಡೆಯುತ್ತಿದ್ದ ಸಿಂಫನಿ ಹಾಲ್‌ನಲ್ಲಿ, ವಸಂತ ಬಂತೆಂದರೆ ನೆಲಮಟ್ಟದ ಆಸನಗಳ ಸಾಲುಗಳನ್ನು ತೆಗೆದು ಮೇಜು-ಕುರ್ಚಿಗಳನ್ನು ಹಾಕಲಾಗುತ್ತಿತ್ತು. ವೇದಿಕೆಯ ಮೇಲೆ ಮಾತ್ರ ಬಹುಮಟ್ಟಿಗೆ ಅದೇ ವಾದಕರು ಇರುತ್ತಿದ್ದರು.

ಸಾಮಾನ್ಯವಾಗಿ ನಾಲ್ಕು ಭಾಗಗಳಿರುವ ಸಿಂಫನಿ ಅರ್ಧ ಗಂಟೆಗೂ ಮಿಗಿಲಾದ ಏಕಾಗ್ರತೆಯನ್ನು ಬೇಡುತ್ತದೆ. ಆರಂಭದಲ್ಲಿ ಕೇಳಿದ ಸ್ವರಗುಚ್ಛ ನೆನಪಿನಲ್ಲಿದ್ದರಷ್ಟೇ ಅದು ಮುಂದೆ ಬೆಳೆಯುವ, ಒಡೆಯುವ, ಮರಳಿ ಬರುವ ಬಗೆ ರುಚಿಸುತ್ತದೆ. ಒಪೆರಾದ ಮುನ್ನುಡಿಯಂತಿರುವ ಓವರ್ಚರ್‌ಗಾಗಲೀ ಯೋಹಾನ್ ಸ್ಟ್ರೌಸ್‌ನ ವಾಲ್ಟ್ಸ್ ಎಂಬ ಮೂರೆಣಿಕೆಯ ನೃತ್ಯಸಂಗೀತಕ್ಕಾಗಲೀ ಅಂಥ ಹೊರೆಯಿಲ್ಲ. ಸುಮಾರು ಹತ್ತು ನಿಮಿಷದಲ್ಲಿ ರಾಗ ಮನಸ್ಸಿಗೆ ಹಿಡಿದು ಮುಗಿದೂ ಹೋಗುತ್ತದೆ, ಪಕ್ಕದ ಮೇಜಿನಲ್ಲಿ ಗ್ಲಾಸು ಸದ್ದು ಮಾಡಿದರೂ ಕೆಡುವುದು ಕಡಿಮೆ.

1930ರಿಂದ 1979ರವರೆಗೆ ಪಾಪ್ಸ್ ವಾದ್ಯವೃಂದವನ್ನು ನಡೆಸಿದ ಆರ್ಥರ್ ಫೀಡ್ಲರ್, ಸಂಜೆಯನ್ನು ಎರಡು ವಿರಾಮಗಳಿಂದ ಮೂರು ಪಾಲು ಮಾಡುವ ಕ್ರಮವನ್ನು ನೆಲೆಗೊಳಿಸಿದರು: ಮೊದಲು ಮಾರ್ಚ್ (ಪಥಸಂಚಲನದ ಲಯದ ಸಂಗೀತ), ಓವರ್ಚರ್‌ನಂಥ ಲಘು ಶಾಸ್ತ್ರೀಯ ಕೃತಿಗಳು, ಕೊನೆಗೆ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಮಂದಿರಗಳ ಸಂಗೀತನಾಟಕಗಳ ಜನಪ್ರಿಯ ಹಾಡುಗಳು. ನಡುವಿನ ಪಾಲಿನಲ್ಲಿ ಪಿಯಾನೊ ಅಥವಾ ಪಿಟೀಲಿನ ಕನ್ಚೆರ್ಟೊ, ಅಂದರೆ ಏಕವಾದಕನೂ ವಾದ್ಯವೃಂದವೂ ಸೇರಿ ನುಡಿಸುವ ದೊಡ್ಡ ಕೃತಿ ಇರುತ್ತಿದ್ದುದುಂಟು. ಅದು ದೀರ್ಘವೇ, ನಿಜ. ಆದರೆ ಒಬ್ಬನೇ ವಾದಕನ ಬೆರಳುಗಳ ಚಮತ್ಕಾರ ಕಣ್ಣೆದುರಿಗಿರುವಾಗ ಮಾತು ತಾನಾಗಿಯೇ ನಿಲ್ಲುತ್ತದೆ. ಈ ನಡುವಿನ ಪಾಲನ್ನು ನೋಡಿದರೆ, ಪಾಪ್ಸ್ ಬರೀ ಮನರಂಜನೆಯೆಂಬ ಟೀಕೆ ನನಗೆ ಅಷ್ಟು ಸರಿಯೆನಿಸುವುದಿಲ್ಲ.