ದಂಡ ಕಟ್ಟುವ ಮುಂಚೆ ಆಸ್ಪತ್ರೆ ಕೇಳಿ

ಬೈಲಹೊಂಗಲ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ.

"22 ವರ್ಷದ ಮಗ ಗಾಂಜಾ ಸೇದುವಾಗ ಸಿಕ್ಕಿಬಿದ್ದಾನ್ರಿ. ಜೇಬಿನಾಗ ಸಣ್ಣ ಪೊಟ್ಟಣ ಇತ್ತಂತ. ತಪ್ಪು ಒಪ್ಪಿ ದಂಡ ಕಟ್ಟಿಬಿಡ್ರಿ, ಮುಗೀತದ ಅಂತಾರ ಮಂದಿ. ಜೈಲು ಕಂಡರ ಬುದ್ಧಿ ಬರ್ತದ ಅಂತಾರ ಅವರಪ್ಪ. ಈಗ ರಾತ್ರಿಯೆಲ್ಲಾ ಗ್ವಾಡಿಗೆ ಒರಗಿ ಕೂಡ್ತಾನ. ರೊಟ್ಟಿ ಒಂದ್ ತುತ್ತು ಮುರದು ತಾಟು ಸರಸ್ತಾನ. ಏನ್ ಮಾಡ್ಲಿ?"

ಅಕ್ಕಾವರೇ, ಮೊದಲು ಆ ರೊಟ್ಟಿಯ ಮಾತು. ಅದು ಸೊಕ್ಕಲ್ಲ. ದಿನಾ ಗಾಂಜಾ ಸೇದುತ್ತಿದ್ದವರು ಬಿಟ್ಟಾಗ ನಿದ್ದೆ ಹೋಗುತ್ತದೆ, ಹಸಿವು ಸಾಯುತ್ತದೆ, ಸಿಟ್ಟು ಜಾಸ್ತಿಯಾಗುತ್ತದೆ. ಇದಕ್ಕೆ ಬೇಕಾದದ್ದು ಡಾಕ್ಟರು. ಜೈಲಲ್ಲ. ಸುಮ್ನೆ ದಂಡ ಕಟ್ಟಿದರೂ ಚಟ ಮನೆಯಲ್ಲೇ ಉಳಿಯುತ್ತದೆ, ಮೇಲೆ ಶಿಕ್ಷೆಯಾದವನು ಎಂಬ ದಾಖಲೆ ಬೇರೆ.

ದಾರಿ ಕಾನೂನಿನಲ್ಲೇ ಇದೆ. 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತು ಕಾಯ್ದೆಯ, 64ಎ ಕಲಂ ನೋಡಿ. ಚಟಕ್ಕೆ ಬಿದ್ದವನು ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕು, ತಾನಾಗಿಯೇ ಚಿಕಿತ್ಸೆಗೆ ಹೋದರೆ ಆ ಕೇಸು ನಡೆಸುವಂತಿಲ್ಲ. ಗಾಂಜಾದಲ್ಲಿ ಸಣ್ಣ ಪ್ರಮಾಣ ಎಂದರೆ 1 ಕಿಲೋವರೆಗೆ. ಆಸ್ಪತ್ರೆ ಸರ್ಕಾರದ್ದೋ ಸರ್ಕಾರ ಒಪ್ಪಿದ್ದೋ ಆಗಿರಬೇಕು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು.

ಅಪರಾಧ ಸಾಬೀತಾದ ಮೇಲೂ 39ನೇ ಕಲಂ ಇದೆ. ನ್ಯಾಯಾಧೀಶರು ಜೈಲಿಗೆ ಕಳಿಸುವ ಬದಲು, ಹುಡುಗನ ಒಪ್ಪಿಗೆ ಪಡೆದು, ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಬಿಡಬಹುದು. ಒಂದು ವರ್ಷದೊಳಗೆ ಚಿಕಿತ್ಸೆಯ ವರದಿ ಕೋರ್ಟಿಗೆ ಕೊಡಬೇಕು. ಅಮೆರಿಕದ ಮಯಾಮಿಯಲ್ಲಿ 1989ರಲ್ಲಿ ಇಂಥ ಮಾದಕ ಚಟದ ಕೇಸುಗಳಿಗೆಂದೇ ಬೇರೆ ಕೋರ್ಟ್ ಶುರುವಾಯಿತು. ಚಿಕಿತ್ಸೆ ಹೇಗೆ ಸಾಗಿದೆ ಎಂದು ಅಲ್ಲಿ ನ್ಯಾಯಾಧೀಶರೇ ಆಗಾಗ ಕರೆಸಿ ಕೇಳುತ್ತಾರೆ. ನಮ್ಮ ಜಿಲ್ಲೆಗೂ ಅಂಥದ್ದು ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮಲ್ಲಿ ಬಾಯಿಬಿಟ್ಟು ಕೇಳದಿದ್ದರೆ ಈ ಕಲಂಗಳು ಪುಸ್ತಕದಲ್ಲೇ ಉಳಿದುಬಿಡುತ್ತವೆ, ಅಲ್ವಾ?

ಅದಕ್ಕೇ ತಪ್ಪೊಪ್ಪಿಗೆಗೆ ಮುಂಚೆಯೇ ವಕೀಲರಿಂದ 64ಎ ಕಲಂನಡಿ ಚಿಕಿತ್ಸೆಗೆ ಅರ್ಜಿ ಹಾಕಿಸಿ. ಫೀಸಿಗೆ ಕಷ್ಟವಾದರೆ ಬೆಳಗಾವಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಚಟ ಬಿಡಿಸುವ ಸಹಾಯವಾಣಿ 14446. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ದೂರವಲ್ಲ. ಅಲ್ಲಿ ತೋರಿಸಿದ ಚೀಟಿ, ಮಾತ್ರೆಯ ಬಿಲ್ಲು, ಒಂದನ್ನೂ ಕಳೆಯಬೇಡಿ. ಕೋರ್ಟಿನಲ್ಲಿ ಬೇಕಾಗುತ್ತವೆ.

ಯಜಮಾನರಿಗೂ ಇದನ್ನು ಓದಿ ಹೇಳಿ. ಧಾರವಾಡದ ಬಸ್ಸಿನಲ್ಲಿ ಮಗನ ಪಕ್ಕ ಅವರೇ ಕೂರಲಿ.

— ಸಂ.