ಕೊಂಡವರ ಮನೆಯಲ್ಲಿ ತಂತ್ರಾಂಶದ ಗತಿ

ಪ್ರಶ್ನೆ: ಉಡುಪಿಯ ರಥಬೀದಿಯ ಬಳಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿಯಿದೆ. ಮದುವೆಯ ಕಾಗದ, ನೇಮದ ಆಮಂತ್ರಣ, ಬಯಲಾಟದ ಕರಪತ್ರ ನಮ್ಮ ನಿತ್ಯದ ಕೆಲಸ. ಹಿಂದೆ ಫ್ರೀಹ್ಯಾಂಡ್ ಎಂಬ ಚಿತ್ರರಚನಾ ತಂತ್ರಾಂಶದಲ್ಲಿ ಬಿಡಿಸಿದ ಕಿರೀಟ, ಅಂಚುಚಿತ್ರಗಳು ಇಂದಿಗೂ ಸಿ.ಡಿ.ಗಳಲ್ಲಿವೆ. ಅಡೋಬಿ ಕಂಪನಿ ಕೊಂಡ ಮೇಲೆ ಆ ತಂತ್ರಾಂಶ ನಿಂತುಹೋಯಿತೆಂದು ಕೇಳಿದ್ದೇನೆ. ಈಗ ನಾನು ಬಳಸುವ ಅಫಿನಿಟಿ ಎಂಬ ಚಿತ್ರರಚನಾ ತಂತ್ರಾಂಶವನ್ನು ಆನ್‌ಲೈನ್ ವಿನ್ಯಾಸ ಸೇವೆಯ ಕ್ಯಾನ್ವಾ ಕಂಪನಿ ಕೊಂಡಿದೆಯಂತೆ. ಇದಕ್ಕೂ ಅದೇ ಗತಿಯೇ?
– ಓದುಗರೊಬ್ಬರು, ಉಡುಪಿ

ಉತ್ತರ: ಅದೇ ಗತಿ ಬಂದೇ ಬರುತ್ತದೆಂದು ನಾನು ಹೇಳಲಾರೆ, ಏಕೆಂದರೆ ಎರಡು ಮಾರಾಟಗಳ ಹಿಂದಿನ ಲೆಕ್ಕಾಚಾರ ಒಂದೇ ಅಲ್ಲ.

ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್ ತಯಾರಿಸುತ್ತಿದ್ದ ಆಲ್ಡಸ್ ಕಂಪನಿಯನ್ನು ಅಡೋಬಿ 1994ರಲ್ಲಿ ಸೇರಿಸಿಕೊಂಡಾಗ, ಆಲ್ಡಸ್ ಮಾರುತ್ತಿದ್ದ ಫ್ರೀಹ್ಯಾಂಡ್ ಕೂಡ ಅಡೋಬಿಯ ಕೈಗೆ ಬರುವುದರಲ್ಲಿತ್ತು. ಅಡೋಬಿಯದೇ ಚಿತ್ರರಚನಾ ತಂತ್ರಾಂಶವಾದ ಇಲಸ್ಟ್ರೇಟರ್ ಮತ್ತು ಅದರ ನೇರ ಪ್ರತಿಸ್ಪರ್ಧಿ ಒಬ್ಬನೇ ಯಜಮಾನನ ವಶವಾಗಬಾರದೆಂದು ವ್ಯಾಪಾರದ ಪೈಪೋಟಿಯನ್ನು ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅಡ್ಡಬಂದು, ಫ್ರೀಹ್ಯಾಂಡನ್ನು ಅದರ ಮೂಲ ಕರ್ತೃವಾದ ಆಲ್ಟ್‌ಸಿಸ್‌ಗೆ ಮರಳಿಸುವಂತೆ ಮಾಡಿತು. ಅನುಮತಿಯಿಲ್ಲದೆ ಅಂಥ ತಂತ್ರಾಂಶವನ್ನು ಅಡೋಬಿ ಹತ್ತು ವರ್ಷ ಕೊಳ್ಳಬಾರದೆಂದೂ ವಿಧಿಸಿತು. ಆಲ್ಟ್‌ಸಿಸ್ ಮುಂದೆ ಮ್ಯಾಕ್ರೋಮೀಡಿಯಾದ ಪಾಲಾಯಿತು. ಹತ್ತು ವರ್ಷದ ಗಡುವು ಕಳೆದ ಬಳಿಕ, 2005ರಲ್ಲಿ, ಅಡೋಬಿ ಸುಮಾರು 340 ಕೋಟಿ ಡಾಲರಿಗೆ ಮ್ಯಾಕ್ರೋಮೀಡಿಯಾವನ್ನೇ ಕೊಂಡಿತು. ಆ ಕಾಲದ ಲೆಕ್ಕ ಕಾಕತಾಳೀಯವೇ ಅಲ್ಲವೇ ಎಂಬುದನ್ನು ನಿಮ್ಮ ಊಹೆಗೇ ಬಿಡುತ್ತೇನೆ.

ಇನ್ನು ಫ್ರೀಹ್ಯಾಂಡ್‌ನ ಹೊಸ ಆವೃತ್ತಿ ಬರುವುದಿಲ್ಲವೆಂದು 2007ರಲ್ಲಿ ತಿಳಿಸಲಾಯಿತು. ಯಾರೂ ಬಂದು ಸಿ.ಡಿ. ಕಿತ್ತುಕೊಳ್ಳಲಿಲ್ಲ. ಆದರೆ ಹಳೆಯ ಮ್ಯಾಕ್ ತಂತ್ರಾಂಶಗಳನ್ನು ನಡೆಸುತ್ತಿದ್ದ ರೊಸೆಟ್ಟಾ ಎಂಬ ಸೌಲಭ್ಯವನ್ನು ಆಪಲ್ 2011ರ ಲಯನ್ ಆವೃತ್ತಿಯಲ್ಲಿ ಕೈಬಿಟ್ಟಾಗ, ಹೊಸ ಮ್ಯಾಕ್‌ನಲ್ಲಿ ಫ್ರೀಹ್ಯಾಂಡ್ ತೆರೆಯದಾಯಿತು. ಇಂಥ ತಂತ್ರಾಂಶಗಳು ಬಹುಮಟ್ಟಿಗೆ ಹೀಗೆಯೇ ಸಾಯುತ್ತವೆ.

ಅಫಿನಿಟಿಯ ಸಂಗತಿ ಬೇರೆ. 2024ರ ಮಾರ್ಚ್‌ನಲ್ಲಿ ಅದನ್ನು ಕೊಂಡಾಗ ಕ್ಯಾನ್ವಾದ ಬಳಿ ಅದಕ್ಕೆ ಸರಿಸಾಟಿಯಾದ ವೃತ್ತಿಪರ ಚಿತ್ರರಚನಾ ತಂತ್ರಾಂಶವಿರಲಿಲ್ಲ. ಹಾಗಾಗಿ ಒಂದನ್ನು ಉಳಿಸಲು ಇನ್ನೊಂದನ್ನು ಕೊಲ್ಲುವ ಪ್ರಮೇಯವೂ ಇರಲಿಲ್ಲ. 2025ರಲ್ಲಿ ಅದು ಉಚಿತವಾಯಿತು, ಆದರೆ ಬಳಸಲು ಕ್ಯಾನ್ವಾ ಖಾತೆ ಬೇಕು. ನನಗೆ ಅಳುಕಿರುವುದು ಈ ಖಾತೆಯ ಬಗ್ಗೆಯೇ: ಹಣ ಕೊಟ್ಟು ಕೊಂಡ ಸಿ.ಡಿ.ಯ ಮೇಲಿದ್ದ ಹಿಡಿತ ಇಲ್ಲಿ ನಿಮಗಿಲ್ಲ.

ಇಂಥ ಖರೀದಿಗಳೆಲ್ಲ ನಡೆದೇ ಹೋಗುತ್ತವೆಂದೂ ಅಲ್ಲ. ಆನ್‌ಲೈನ್ ವಿನ್ಯಾಸ ತಂತ್ರಾಂಶದ ಕಂಪನಿಯಾದ ಫಿಗ್ಮಾವನ್ನು 2,000 ಕೋಟಿ ಡಾಲರಿಗೆ ಕೊಳ್ಳುವುದಾಗಿ ಅಡೋಬಿ 2022ರಲ್ಲಿ ಘೋಷಿಸಿತ್ತು; ಬ್ರಿಟನ್ ಮತ್ತು ಯುರೋಪ್ ಒಕ್ಕೂಟದ ನಿಯಂತ್ರಕರ ಆಕ್ಷೇಪದಿಂದ 2023ರ ಡಿಸೆಂಬರ್‌ನಲ್ಲಿ ಹಿಂದೆ ಸರಿದು, ಒಪ್ಪಂದದಂತೆ 100 ಕೋಟಿ ಡಾಲರನ್ನು ಫಿಗ್ಮಾಕ್ಕೆ ತೆತ್ತಿತು.

ನಿಮ್ಮ ಸಿ.ಡಿ.ಗಳ ವಿಷಯಕ್ಕೆ ಬಂದರೆ, ಅಫಿನಿಟಿ ಡಿಸೈನರ್‌ನಲ್ಲೂ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ಡ್ರಾದಲ್ಲೂ ಫ್ರೀಹ್ಯಾಂಡ್ ಕಡತ ತೆರೆಯುವ ಸೌಲಭ್ಯವಿದೆ. ಕಿರೀಟದ ರೇಖೆಗಳು ಬಹುತೇಕ ಸರಿಯಾಗಿಯೇ ಬಂದಾವು, ಕಷ್ಟವಿರುವುದು ಅಕ್ಷರಗಳಲ್ಲಿ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಗಣಕದಲ್ಲಿ 'ಶ್ರೀ' ಇದ್ದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಆದ್ದರಿಂದ ಮೊದಲು ಹಳೆಯ ಫಾಂಟನ್ನು ಹುಡುಕಿ ಸ್ಥಾಪಿಸಿ, ಆಮೇಲೆ ಕಡತವನ್ನು ತೆರೆದು, ಚಿತ್ರವನ್ನು ಎಸ್‌ವಿಜಿ (ಹಲವು ತಂತ್ರಾಂಶಗಳು ತೆರೆಯಬಲ್ಲ ರೇಖಾಚಿತ್ರದ ಕಡತ) ಮತ್ತು ಪಿಡಿಎಫ್ ಎರಡರಲ್ಲೂ ಉಳಿಸಿಕೊಳ್ಳಿ. ಒಕ್ಕಣೆಯನ್ನು ಯೂನಿಕೋಡ್‌ನಲ್ಲಿ ಪ್ರತ್ಯೇಕವಾಗಿ ಬರೆದಿಡಿ. ಹಳೆಯ ಸಿ.ಡಿ.ಗಳು ತಾವೇ ಕೆಡುತ್ತವೆ, ಆದಕಾರಣ ಈ ಕೆಲಸವನ್ನು ಮುಂದಿನ ನೇಮದ ಹಂಗಾಮಿಗೆ ಮುಂದೂಡಬೇಡಿ.